ಇಪ್ಪತ್ತೆರಡು ನಂಬರು, ಲಕ್ಷ ಗ್ರಾಹಕರು

ಪಾರ್ಸೆಲ್ ತಂದವರು ಗೇಟಿನ ಹತ್ತಿರ ನಿಂತು ಫೋನ್ ಮಾಡುತ್ತಾರೆ. ಹಲವು ಆ್ಯಪ್‌ಗಳಲ್ಲಿ ಆಗ ನಿಮ್ಮ ಫೋನಿನಲ್ಲಿ ಮೂಡುವ ನಂಬರು ಅವರದ್ದಲ್ಲ. ಅವರಿಗೂ ನಿಮ್ಮ ನಂಬರು ಸಿಕ್ಕಿರುವುದಿಲ್ಲ. ನಡುವೆ ಒಂದು ಬಾಡಿಗೆ ನಂಬರು ಕೂತಿರುತ್ತದೆ. ಈ ಮರೆ ಕಟ್ಟಲು ಸಾಫ್ಟ್‌ವೇರ್ ಬರೆಯುವವರು ಬಳಸುವುದು ವಾಯ್ಸ್ ಎಪಿಐ, ಅಂದರೆ ಸಾಫ್ಟ್‌ವೇರ್ ಮೂಲಕವೇ ಕರೆ ಮಾಡಿಸುವ, ಜೋಡಿಸುವ ಸೌಲಭ್ಯ. 2008ರಲ್ಲಿ ಅಮೆರಿಕದಲ್ಲಿ ಶುರುವಾದ ಟ್ವಿಲಿಯೊ, 2011ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಎಕ್ಸೊಟೆಲ್ ಇಂಥ ಸೇವೆ ಮಾರುತ್ತವೆ.

ಕರೆ ಮೊದಲು ಬಾಡಿಗೆ ನಂಬರಿಗೆ ಹೋಗುತ್ತದೆ. ಸೇವಾ ಕಂಪನಿಯ ಯಂತ್ರ ಆ್ಯಪ್‌ನ ಸರ್ವರನ್ನು ಕೇಳುತ್ತದೆ: ಇಂಥವರು ಇಂಥ ನಂಬರಿಗೆ ಕರೆ ಮಾಡಿದ್ದಾರೆ, ಏನು ಮಾಡಲಿ? ಸರ್ವರ್ ಆ ಎರಡೂ ನಂಬರು ಹಿಡಿದು ಕೋಷ್ಟಕದಲ್ಲಿ ಹುಡುಕಿ, ಯಾರಿಗೆ ಜೋಡಿಸಬೇಕೆಂದು ನಾಲ್ಕು ಸಾಲಿನ ಉತ್ತರ ಕೊಡುತ್ತದೆ. ಡೇಟಾಬೇಸ್ ನಿಧಾನವಾದರೆ ಕರೆ ಮಾಡಿದವರಿಗೆ ಕೇಳುವುದು ಬರೀ ಮೌನ, ಅವರು ಕಟ್ ಮಾಡುತ್ತಾರೆ.

ದಿನಕ್ಕೆ ಲಕ್ಷ ಪಾರ್ಸೆಲ್ ಹೋದರೆ ಲಕ್ಷ ಬಾಡಿಗೆ ನಂಬರು ಬೇಕಲ್ಲವೇ? ಬೇಡ. ಹುಡುಕುವುದು ಜೋಡಿಯನ್ನು, ಅಂದರೆ ಕರೆ ಮಾಡಿದವರು ಮತ್ತು ಬಾಡಿಗೆ ನಂಬರು ಎರಡನ್ನೂ ಸೇರಿಸಿ. ಹಾಗಾಗಿ ಹುಬ್ಬಳ್ಳಿಯ ಗ್ರಾಹಕರಿಗೂ ಮೈಸೂರಿನ ಗ್ರಾಹಕರಿಗೂ ಒಂದೇ ನಂಬರು ತೋರಿಸಿದರೆ ಅಡ್ಡಿಯಿಲ್ಲ. ಒಬ್ಬರಿಗೇ ಏಕಕಾಲಕ್ಕೆ ಎರಡು ಕಡೆ ಅದೇ ನಂಬರು ಸಿಗಬಾರದು, ಅಷ್ಟೇ. ಡೆಲಿವರಿಯವರ ಕೈಯಲ್ಲಿ ಹೆಚ್ಚೆಂದರೆ 20 ಪಾರ್ಸೆಲ್, ಗ್ರಾಹಕರಿಗೆ ಬರಬೇಕಾದದ್ದು ಹೆಚ್ಚೆಂದರೆ 3 ಎಂದುಕೊಳ್ಳಿ. ಡೆಲಿವರಿಯವರು ಮತ್ತು ಗ್ರಾಹಕರ ಹೊಸ ಜೋಡಿಗೆ ನಂಬರು ಆರಿಸುವಾಗ ಒಂದು ಕಡೆ 19, ಇನ್ನೊಂದು ಕಡೆ 2 ನಂಬರು ಮಾತ್ರ ಈಗಾಗಲೇ ಬಳಕೆಯಲ್ಲಿರಬಹುದು. ಒಟ್ಟು 21. ಕೈಯಲ್ಲಿ 22 ಇದ್ದರೆ ಒಂದಾದರೂ ಖಾಲಿ ಇದ್ದೇ ಇರುತ್ತದೆ, ಊರು ಎಷ್ಟೇ ದೊಡ್ಡದಿರಲಿ. ಜೋಡಿಗಳೆಲ್ಲ ಮೊದಲೇ ಗೊತ್ತಿದ್ದರೆ 20 ಸಾಕು. ಹಂಗೇರಿಯ ಗಣಿತಜ್ಞ ಡೇನೆಶ್ ಕೋನಿಗ್ 1916ರಲ್ಲಿ ಸಾಧಿಸಿದ ಪ್ರಮೇಯ ಹೇಳುವುದು ಇದನ್ನೇ. ಆಗ ಇಂಥ ಆ್ಯಪ್ ಯಾರ ಕನಸಿನಲ್ಲೂ ಇರಲಿಲ್ಲ.

ಪಾರ್ಸೆಲ್ ಕೊಟ್ಟ ಕೂಡಲೇ ಆ ನಂಬರನ್ನು ಬೇರೆ ಜೋಡಿಗೆ ಕೊಟ್ಟರೆ ಮಾತ್ರ ಎಡವಟ್ಟು. ಸಂಜೆ ಮಿಸ್ಡ್ ಕಾಲ್ ನೋಡಿ ತಿರುಗಿ ಮಾಡಿದವರು ಸಂಬಂಧವೇ ಇಲ್ಲದವರ ಜೊತೆ ಮಾತಿಗೆ ನಿಲ್ಲುತ್ತಾರೆ. ಹಿಂದಿನ ದಿನದ ಜೋಡಿಗಳನ್ನೂ ಒಂದು ದಿನ ಹಾಗೇ ಇಟ್ಟರೆ 20 ಮತ್ತು 3ರ ಬದಲು 40 ಮತ್ತು 6 ಆಗುತ್ತದೆ, 45 ನಂಬರು ಬೇಕಾಗುತ್ತದೆ. ಆ ಖರ್ಚು ದಂಡವಲ್ಲ.

ನಿಜವಾದ ಬಿಗಿ ಇರುವುದು ಒಂದು ಹೊತ್ತಿಗೆ ಒಂದೊಂದೇ ಮಾತು ಸಾಗಿಸುವ ಚಾನೆಲ್‌ಗಳಲ್ಲಿ. ಟೆಲಿಫೋನಿನಲ್ಲಿ ಧ್ವನಿಯನ್ನು ಸೆಕೆಂಡಿಗೆ 8,000 ಸಲ ಅಳೆದು, ಪ್ರತಿ ಅಳತೆಯನ್ನು 8 ಬಿಟ್‌ಗಳಲ್ಲಿ ಬರೆಯುತ್ತಾರೆ. ಒಂದು ಮಾತಿಗೆ ಸೆಕೆಂಡಿಗೆ 64 ಕಿಲೋಬಿಟ್. ಒಂದು ಪಿಆರ್‌ಐ ಎಂಬ ಡಿಜಿಟಲ್ ಟೆಲಿಫೋನ್ ಲೈನಿನಲ್ಲಿ ಇಂಥ 30 ಮಾತುಗಳು ಹಿಡಿಯುತ್ತವೆ. ಮರೆಯ ಕರೆಗೆ ಎರಡು ತುಂಡು, ಅಂದರೆ ಲೆಗ್: ಒಳಬರುವ ಲೆಗ್ ಒಂದು, ಹೊರಹೋಗುವ ಲೆಗ್ ಒಂದು, ಹಾಗಾಗಿ ಉಳಿಯುವುದು 15 ಕರೆ. ಕರೆಗಳು ಸಾಲಾಗಿ ಬರುವುದಿಲ್ಲ, ಒಟ್ಟಿಗೆ ಮುಗಿಬೀಳುತ್ತವೆ. ಡೆನ್ಮಾರ್ಕಿನ ಎ. ಕೆ. ಎರ್ಲಾಂಗ್ 1917ರಲ್ಲಿ ಪ್ರಕಟಿಸಿದ ಸೂತ್ರದ ಪ್ರಕಾರ, ನೂರರಲ್ಲಿ ಒಂದು ಕರೆಗಷ್ಟೇ ಜಾಗ ಸಿಗದಿದ್ದರೆ ಪರವಾಗಿಲ್ಲ ಎಂದರೂ, 15 ಕರೆಯ ಜಾಗದಲ್ಲಿ ಸರಾಸರಿ 8 ಕರೆಗಳಷ್ಟು ಹೊರೆ ಮಾತ್ರ ಹಾಕಬಹುದು. ಕರೆ 45 ಸೆಕೆಂಡಿನದಾದರೆ ಗಂಟೆಗೆ ಸುಮಾರು 650. ಹಬ್ಬದ ವಾರಕ್ಕೆ ಲೈನು ಹೆಚ್ಚಿಸಿ ಆಮೇಲೆ ಇಳಿಸುವ ಈ ತಲೆನೋವು ತನ್ನದಲ್ಲ ಎಂಬುದಕ್ಕೇ ಕಂಪನಿಗಳು ದುಡ್ಡು ಕೊಡುವುದು.

ಇನ್ನು ಬೀಳುವ ಗುಂಡಿಗಳು. ಒಂದೇ ನಂಬರು 0 ಸೇರಿಸಿಯೋ +91 ಸೇರಿಸಿಯೋ ಬರೀ ಹತ್ತಂಕಿಯಾಗಿಯೋ ಬಂದು ಕೋಷ್ಟಕದಲ್ಲಿ ಸಿಗುವುದೇ ಇಲ್ಲ. ಒಳಗೆ ಬಂದ ತಕ್ಷಣ ಎಲ್ಲವನ್ನೂ +91 ರೂಪಕ್ಕೆ ತರಬೇಕು. ಆರ್ಡರ್ ಮಾಡಿದ್ದು ಹೆಂಡತಿಯ ಫೋನಿನಿಂದ, ತಿರುಗಿ ಕರೆ ಮಾಡುತ್ತಿರುವುದು ಗಂಡನ ಫೋನಿನಿಂದ ಎಂದಾಗ 'ಆರ್ಡರ್ ನಂಬರಿನ ಕೊನೆಯ ನಾಲ್ಕು ಅಂಕಿ ಒತ್ತಿ' ಎಂಬ ದಾರಿ ಇರಬೇಕು, ಇಲ್ಲವಾದರೆ ಕರೆ ಅಲ್ಲೇ ಸಾಯುತ್ತದೆ. ಬಿಲ್ಲಿನಲ್ಲೂ ಒಂದು ಮಾತಿಗೆ ಎರಡು ಲೆಗ್ ಎಣಿಕೆಯಾಗುವುದು ಸಾಮಾನ್ಯ. ಅದರ ಮೇಲೆ, ಗ್ರಾಹಕರು ಎತ್ತುವ ಮೊದಲೇ ಯಂತ್ರ ಮೊದಲ ಲೆಗ್ ಎತ್ತಿಕೊಂಡರೆ ಯಾರೂ ಮಾತಾಡದ ಕರೆಗೂ ಹಣ ಹೋಗುತ್ತದೆ. ಅತ್ತ ಕಡೆ ಎತ್ತಿದ ಮೇಲೆಯೇ ಇತ್ತ ಕಡೆ ಎತ್ತು ಎಂಬ ಆಯ್ಕೆ ಇದ್ದರೆ ಅದನ್ನು ಮೊದಲ ದಿನವೇ ಹಾಕಿಡಿ.

ಗೌಪ್ಯತೆಯಷ್ಟೇ ಬೆಲೆಯ ಇನ್ನೊಂದು ಲಾಭ ಕರೆಯ ದಾಖಲೆ. ಪ್ರತಿ ಕರೆ ಮುಗಿದಾಗ ಬ್ಯುಸಿ, ಎತ್ತಲಿಲ್ಲ, ವಿಫಲ, ಇಷ್ಟು ಸೆಕೆಂಡು ಮಾತಾಯಿತು ಎಂಬ ಸುದ್ದಿ ಸರ್ವರಿಗೆ ಬರುತ್ತದೆ. 'ಗ್ರಾಹಕರು ಫೋನಿಗೆ ಸಿಗಲಿಲ್ಲ' ಎಂದು ಬರೆದು ವಾಪಸ್ ತಂದ ಪಾರ್ಸೆಲ್‌ಗೆ ನಿಜಕ್ಕೂ ಕರೆ ಹೋಗಿತ್ತೇ, ಎಷ್ಟು ಸಲ, ಎಷ್ಟು ಹೊತ್ತಿಗೆ ಎಂದು ಅದು ಹೇಳುತ್ತದೆ. ಆದರೆ ಈ ಸುದ್ದಿ ಒಮ್ಮೊಮ್ಮೆ ಎರಡು ಸಲ ಬರುತ್ತದೆ, ಕ್ರಮ ತಪ್ಪಿಯೂ ಬರುತ್ತದೆ. ಕರೆಯ ಗುರುತು ಸಂಖ್ಯೆಯನ್ನು ನೋಡಿ ನಕಲನ್ನು ಬಿಡದಿದ್ದರೆ ಒಂದೇ ಕರೆ ಎರಡಾಗಿ ಎಣಿಕೆಯಾಗಿ, ಒಂದೇ ಸಲ ಕರೆ ಮಾಡಿದವರೂ ಎರಡು ಸಲ ಪ್ರಯತ್ನಿಸಿದಂತೆ ಕಾಣುತ್ತಾರೆ.