ಎರಿ ಭೂಮಿಯ ಹುಟ್ಟು ಮತ್ತು ಸವೆತ

ಗದಗಿನಿಂದ ಮುಂಡರಗಿಯ ಕಡೆಗೆ ಹೊರಟವರಿಗೆ ಕಾಣುವ ಕಪ್ಪತಗುಡ್ಡದ ಶಿಲೆಗಳು 250 ಕೋಟಿ ವರ್ಷಗಳಿಗಿಂತ ಹಳೆಯವು. ಹತ್ತೊಂಬತ್ತನೆಯ ಶತಮಾನದಲ್ಲಿ ಈ ಸೀಮೆಯನ್ನು ಸುತ್ತಿ ಅಭ್ಯಾಸ ಮಾಡಿದ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಇಂಥ ಶಿಲಾಸಮೂಹಕ್ಕೆ ಧಾರವಾಡದ ಹೆಸರನ್ನೇ ಕೊಟ್ಟರು. ಗದಗ, ನವಲಗುಂದ, ರೋಣಗಳ ರೈತರು ಹಿಂಗಾರಿ ಜೋಳ, ಕಡಲೆ, ಕುಸುಬಿ ಬೆಳೆಯುವ ಎರಿ ಭೂಮಿ, ಅಂದರೆ ಕಪ್ಪು ಮಣ್ಣಿನ ನೆಲ, ಬಹಳ ಕಡೆ ಇಂಥ ಹಳೆಯ ಕಲ್ಲುಗಳೇ ಕರಗಿ ಆದದ್ದು. ಇನ್ನೂ ಉತ್ತರಕ್ಕೆ ಹೋದರೆ ಮಾತ್ರ ಅದರ ತಾಯಿಶಿಲೆ ಲಾವಾರಸದಿಂದಾದ ಬಸಾಲ್ಟ್.

ಕಲ್ಲು ಮಣ್ಣಾಗುವುದು ಬಿಸಿಲಿನ ಏಟಿಗೆ ಒಡೆದು ಪುಡಿಯಾಗುವುದರಿಂದ ಮಾತ್ರವಲ್ಲ. ಮಳೆನೀರು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಸೌಮ್ಯ ಆಮ್ಲವಾಗುತ್ತದೆ. ಬೇರುಗಳೂ ಸೂಕ್ಷ್ಮಜೀವಿಗಳೂ ಉಸಿರಾಡುವ ನೆಲದೊಳಗೆ ಇಳಿದಾಗ ಅದರ ಆಮ್ಲತೆ ಮತ್ತಷ್ಟು ಹೆಚ್ಚುತ್ತದೆ. ಈ ನೀರು ಪದರಗಲ್ಲಿನ ಸಂದುಗಳಲ್ಲಿ ಇಳಿದು ಕ್ಯಾಲ್ಸಿಯಂ, ಮೆಗ್ನೀಸಿಯಂ, ಸೋಡಿಯಂಗಳನ್ನು ಬಿಡಿಸಿಕೊಳ್ಳುತ್ತದೆ, ಉಳಿದ ಸಿಲಿಕಾ ಮತ್ತು ಅಲ್ಯೂಮಿನಿಯಂ ಸೇರಿ ಹೊಸ ಜೇಡಿ ಖನಿಜಗಳಾಗುತ್ತವೆ. ನೀರು ಸರಾಗವಾಗಿ ಬಸಿದುಹೋಗುವ ಇಳಿಜಾರಿನಲ್ಲಿ ಕರಗಿದ ಲವಣಗಳೂ ಕೊಚ್ಚಿಹೋಗಿ, ಕಬ್ಬಿಣ ತುಕ್ಕುಹಿಡಿದು, ಕೆಂಪು ಮಸಾರಿ ಮಣ್ಣು ಉಳಿಯುತ್ತದೆ. ನೀರು ನಿಧಾನವಾಗಿ ಬಸಿಯುವ ತಗ್ಗು ಬಯಲಿನಲ್ಲಿ, ಅದೂ ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸಿನ ಮಳೆಯಲ್ಲಿ, ಲವಣಗಳು ಅಲ್ಲಿಯೇ ನಿಂತು ಸ್ಮೆಕ್ಟೈಟ್ ಎಂಬ ಜೇಡಿ ರೂಪುಗೊಳ್ಳುತ್ತದೆ. ಎರಿ ಮಣ್ಣಿನ ಗುಣವೆಲ್ಲ ಈ ಖನಿಜದ್ದು. ಬಣ್ಣ ಕಪ್ಪಾಗಿರುವುದರಿಂದ ಅದರಲ್ಲಿ ಗೊಬ್ಬರದ ಅಂಶ ಹೇರಳವಾಗಿದೆ ಎಂದು ಬಹಳ ಜನ ನಂಬಿದ್ದಾರೆ. ವಾಸ್ತವದಲ್ಲಿ ಸಾವಯವ ಇಂಗಾಲ ಇಲ್ಲಿ ಕಡಿಮೆಯೇ.

ಸ್ಮೆಕ್ಟೈಟಿನ ಪದರಗಳ ನಡುವೆ ನೀರು ಹೊಕ್ಕರೆ ಮಣ್ಣು ಉಬ್ಬುತ್ತದೆ, ಆರಿದರೆ ಕುಗ್ಗಿ ಬಿರಿಯುತ್ತದೆ. ಬೇಸಿಗೆಯಲ್ಲಿ ಅಂಗೈ ತೂರುವಷ್ಟು ಅಗಲದ ಬಿರುಕುಗಳು ಬೀಳುತ್ತವೆ, ಮೇಲಿನ ಪುಡಿಮಣ್ಣು ಅವುಗಳೊಳಗೆ ಉದುರುತ್ತದೆ. ಮಳೆ ಬಂದಾಗ ಒಳಗೆ ಬಿದ್ದ ಮಣ್ಣಿಗೂ ಉಬ್ಬಲು ಜಾಗ ಬೇಕಾಗಿ ಹೆಂಟೆಗಳು ಒಂದನ್ನೊಂದು ಒತ್ತಿ ಜಾರುತ್ತವೆ. ಕೃಷಿಹೊಂಡಕ್ಕೆಂದು ತೋಡಿದ ಗುಂಡಿಯ ಗೋಡೆಯಿಂದ ಒಂದು ಹೆಂಟೆಯನ್ನು ಮೆಲ್ಲಗೆ ಬಿಡಿಸಿ ನೋಡಿ: ಅದರ ಮೈ ಎಣ್ಣೆ ಸವರಿದಂತೆ ಮಿರುಗುತ್ತದೆ, ಮೇಲೆ ಓರೆಯಾಗಿ ಸಣ್ಣ ಗೀರುಗಳಿರುತ್ತವೆ. ಅವು ಮಣ್ಣು ಮಣ್ಣಿನ ಮೇಲೆಯೇ ಜಾರಿದ ಗುರುತುಗಳು. ಇನ್ನೂ ಕೆಳಗೆ ಬಿಳಿಯ ಸುಣ್ಣದ ಹರಳುಗಳು ಸಿಗುತ್ತವೆ. ಕಲ್ಲಿನಿಂದ ಬಿಟ್ಟುಕೊಂಡ ಕ್ಯಾಲ್ಸಿಯಂ ಹೊರಗೆ ಹರಿದುಹೋಗದೆ ಅಲ್ಲಿ ಕೂತಿದೆ.

ನೀರನ್ನು ಹಿಡಿದಿಟ್ಟು ಹಿಂಗಾರಿಯನ್ನು ಕಾಯುವ ಈ ಗುಣವೇ ಸವೆತಕ್ಕೂ ಕಾರಣವಾಗುತ್ತದೆ. ಮೊದಲ ಮಳೆಯನ್ನು ಬಿರುಕುಗಳು ಕುಡಿಯುತ್ತವೆ. ಅವು ಒಮ್ಮೆ ಮುಚ್ಚಿಕೊಂಡರೆ ನೀರು ಒಳಗಿಳಿಯುವ ವೇಗ ತೀರಾ ಕುಸಿದು, ಕಣ್ಣಿಗೆ ಸಮತಟ್ಟಾಗಿ ಕಾಣುವ ಹೊಲದಲ್ಲಿಯೂ, ನೂರು ಮೀಟರಿಗೆ ಒಂದೆರಡು ಮೀಟರ್ ಇಳಿಜಾರಿದ್ದರೂ ಸಾಕು, ನೀರು ಹರಿಯತೊಡಗುತ್ತದೆ. ಆಳವಾದ ಎರಿ ಹೊಲವನ್ನು ಮುಂಗಾರಿನಲ್ಲಿ ಖಾಲಿ ಬಿಟ್ಟು ಹಿಂಗಾರಿಗೆ ಬಿತ್ತುವುದು ಇಲ್ಲಿನ ಹಳೆಯ ಪದ್ಧತಿ. ಹಾಗಾಗಿ ಸೆಪ್ಟೆಂಬರಿನ ಬಿರುಸು ಮಳೆ ಬರಿ ನೆಲಕ್ಕೆ ಬೀಳುತ್ತದೆ, ಹನಿಯ ಹೊಡೆತಕ್ಕೆ ಹೆಂಟೆ ಕರಗಿ ಪೋಷಕಾಂಶ ಹಿಡಿದ ನುಣ್ಣನೆಯ ಜೇಡಿಯೇ ಮೊದಲು ಹಳ್ಳ ಸೇರುತ್ತದೆ. ಒಂದು ಹೆಕ್ಟೇರಿನಲ್ಲಿ ಒಂದು ಮಿಲಿಮೀಟರ್ ಮಣ್ಣು ಹೋದರೆ ಹನ್ನೆರಡು–ಹದಿಮೂರು ಟನ್ ಹೋದಂತೆ. ಹೊಲದ ಮೇಲೆ ನಿಂತವರಿಗೆ ಅದು ಕಾಣುವುದೂ ಇಲ್ಲ. ಭಾರತದಲ್ಲಿ ಹೆಕ್ಟೇರಿಗೆ ವರ್ಷಕ್ಕೆ ಸರಾಸರಿ 16 ಟನ್ ಮಣ್ಣು ಕೊಚ್ಚಿಹೋಗುತ್ತದೆ ಎಂಬುದು 1983ರ ಅಂದಾಜು. ಒಂದು ಸೆಂಟಿಮೀಟರ್ ಮಣ್ಣು ಹುಟ್ಟಲು ಮಾತ್ರ ನೂರಾರು ವರ್ಷಗಳು ಬೇಕು.

ಇದಕ್ಕೆ ಒಡ್ಡು ಹಾಕಿದರೆ ಸಾಕಲ್ಲವೇ ಎಂದು ಕೇಳಬಹುದು. ಮಸಾರಿಯಲ್ಲಿ ಸಮಪಾತಳಿಯ ಒಡ್ಡು, ಅಂದರೆ ಇಳಿಜಾರಿಗೆ ಅಡ್ಡವಾಗಿ ಒಂದೇ ಮಟ್ಟದಲ್ಲಿ ಹಾಕಿದ ಒಡ್ಡು, ಚೆನ್ನಾಗಿ ಕೆಲಸ ಮಾಡುತ್ತದೆ. ಎರಿಯಲ್ಲಿ ಹಾಗಲ್ಲ: ಒಡ್ಡಿನ ಹಿಂದೆ ನೀರು ಇಂಗದೆ ನಿಂತು ಬೆಳೆ ಕೊಳೆಯುತ್ತದೆ, ಬೇಸಿಗೆಯಲ್ಲಿ ಒಡ್ಡೇ ಬಿರಿದು ಮುಂದಿನ ದೊಡ್ಡ ಮಳೆಗೆ ಒಡೆಯುತ್ತದೆ, ಆಗ ಒಂದೇ ಕಡೆ ನುಗ್ಗಿದ ನೀರು ಕೊರಕಲು ಕೊರೆಯುತ್ತದೆ. ಆದ್ದರಿಂದ ಇಲ್ಲಿ ಒಡ್ಡಿಗೆ ತುಸು ಇಳಿಜಾರು ಕೊಟ್ಟು, ಹೆಚ್ಚಾದ ನೀರನ್ನು ಹುಲ್ಲು ಬೆಳೆಸಿದ ಕಾಲುವೆಯ ಮೂಲಕ ಹೊಂಡಕ್ಕೆ ಬಿಡಬೇಕಾಗುತ್ತದೆ. ಮಳೆಗೆ ಮೊದಲೇ ಹೊಲವನ್ನು ಸಣ್ಣ ಚೌಕು ಮಡಿಗಳಾಗಿ ಕಟ್ಟಿದರೆ ನೀರು ಒಂದೇ ಕಡೆ ಕೂಡಿಕೊಳ್ಳದೆ, ಬಿದ್ದಲ್ಲಿಯೇ ನಿಂತು ನಿಧಾನವಾಗಿ ಇಂಗುತ್ತದೆ.

ನನಗೆ ಎಲ್ಲಕ್ಕಿಂತ ಹಿರಿದಾಗಿ ಕಾಣುವುದು ರೋಣ, ಯಲಬುರ್ಗಾ, ಕುಷ್ಟಗಿ ಭಾಗದ ರೈತರು ಎರಿ ಹೊಲಕ್ಕೆ ಹಳ್ಳದ ಉಸುಕು ಹೇರುವ ಪದ್ಧತಿ. ಉಸುಕಿನ ಹೊದಿಕೆ ಹನಿಯ ಹೊಡೆತವನ್ನು ತಾನು ತಡೆಯುತ್ತದೆ, ನೀರನ್ನು ಒಳಗಿಳಿಸುತ್ತದೆ, ಒಳಗಿನ ತೇವ ಆರದಂತೆ ಕಾಯುತ್ತದೆ. ಅಂಥ ಹೊಲದಲ್ಲಿ ಮುಂಗಾರಿಗೆ ಹೆಸರು, ಹಿಂಗಾರಿಗೆ ಜೋಳ ಹೀಗೆ ಎರಡು ಬೆಳೆ ತೆಗೆಯಬಹುದು. ಉಸುಕು ಮಣ್ಣಿನಲ್ಲಿ ಬೆರೆತುಹೋಗದಿರಲೆಂದು ಆಳವಾಗಿ ರಂಟೆ ಹೊಡೆಯದೆ, ಮೇಲೆ ಮೇಲೆ ಹರಗುತ್ತಾರೆ. ಕಟ್ಟಡಗಳಿಗೂ ಉಸುಕು ಬೇಕಾಗಿರುವ ಈ ಕಾಲದಲ್ಲಿ ಇದು ಎಲ್ಲರ ಕೈಗೆಟುಕುವ ಕೆಲಸವಲ್ಲ, ಹಳ್ಳಗಳನ್ನು ಬರಿದು ಮಾಡುವುದೂ ಸರಿಯಲ್ಲ. ಉಸುಕು ಸಿಗದವರು ಹಿಂಗಾರಿ ಬಿತ್ತನೆಗೆ ಮೊದಲು ಕೈಗೆ ಬರುವ ಹೆಸರನ್ನು ಮುಂಗಾರಿನ ಹದಕ್ಕೆ ಬಿತ್ತಿದರೂ ಮಳೆಗಾಲದ ನಡುವೆ ನೆಲದ ಮೇಲೆ ಎಲೆಯ ನೆರಳು ನಿಲ್ಲುತ್ತದೆ, ಕಾಳು ಬಿಡಿಸಿದ ಮೇಲೆ ಬಳ್ಳಿಯನ್ನು ಹೊಲದಲ್ಲಿಯೇ ಬಿಟ್ಟು ಹರಗಿದರೆ ಸಾವಯವ ಅಂಶವೂ ಸ್ವಲ್ಪ ಸ್ವಲ್ಪವಾಗಿ ಮಣ್ಣಿಗೆ ಸೇರುತ್ತದೆ.