ಲಿನಕ್ಸ್ ಕಂಪ್ಯೂಟರಿಗೆ ಸೀರಿಯಲ್ ಟರ್ಮಿನಲ್ ಜೋಡಣೆ: ಮೊದಲು ಕೇಬಲ್, ಆಮೇಲೆ ಲಾಗಿನ್ ತೋರಿಸುವ ಗೆಟ್ಟಿ

1978ರಲ್ಲಿ ಬಂದ ವಿಟಿ100ರಂತಹ ಟರ್ಮಿನಲ್ (ಕೀಲಿಮಣೆ ಮತ್ತು ಪರದೆಯ ಸಾಧನ), ಒತ್ತಿದ ಕೀಲಿಯ ಅಕ್ಷರವನ್ನು ತಂತಿಯ ಮೂಲಕ ಕಳುಹಿಸುತ್ತದೆ, ತಂತಿಯಿಂದ ಬಂದ ಅಕ್ಷರವನ್ನು ಪರದೆಯಲ್ಲಿ ತೋರಿಸುತ್ತದೆ. ಉಳಿದ ಕೆಲಸವೆಲ್ಲ ಕಂಪ್ಯೂಟರಿನದು. ಆದ್ದರಿಂದ ಪರದೆ ಖಾಲಿಯಾಗಿಯೇ ಉಳಿದಾಗ ಲಿನಕ್ಸಿನ ಕಡತಗಳನ್ನು ತಿದ್ದಲು ಹೊರಡುವ ಮೊದಲು ಕೇಬಲನ್ನು ಪರೀಕ್ಷಿಸಬೇಕು ಎಂಬುದು ನನ್ನ ದೃಢ ಅಭಿಪ್ರಾಯ.

ಆರ್‌ಎಸ್-232 ಎಂಬ ಸೀರಿಯಲ್ ಸಂಪರ್ಕ ಪದ್ಧತಿಯಲ್ಲಿ ಕಂಪ್ಯೂಟರ್ ಮತ್ತು ಟರ್ಮಿನಲ್ ಎರಡೂ ಡಿಟಿಇ (ಸಂಪರ್ಕದ ಕೊನೆಯ ತುದಿಯ ಸಾಧನ) ವರ್ಗಕ್ಕೆ ಸೇರಿದವು. ನಡುವೆ ಮೋಡೆಮ್ ಇಲ್ಲದಿರುವುದರಿಂದ ಒಂದರ ರವಾನೆಯ ಪಿನ್ ಇನ್ನೊಂದರ ಸ್ವೀಕಾರದ ಪಿನ್ನಿಗೆ ತಲುಪಬೇಕು. ಹಾಗೆ ಜೋಡಿಸಿದ್ದೇ ನಲ್ ಮೋಡೆಮ್ ಕೇಬಲ್. ಇಲ್ಲಿ ಕಲಿಯುವವರನ್ನು ಗೊಂದಲಕ್ಕೆ ಒಡ್ಡುವ ಒಂದು ಸಂಗತಿಯಿದೆ. ಕಂಪ್ಯೂಟರಿನ 9 ಪಿನ್ನಿನ ಕನೆಕ್ಟರಿನಲ್ಲಿ ಸ್ವೀಕಾರ 2, ರವಾನೆ 3, ಗ್ರೌಂಡ್ 5. ಹಳೆಯ ಟರ್ಮಿನಲ್‌ಗಳ 25 ಪಿನ್ನಿನ ಕನೆಕ್ಟರಿನಲ್ಲಿ ರವಾನೆ 2, ಸ್ವೀಕಾರ 3, ಗ್ರೌಂಡ್ 7. ಹೀಗಾಗಿ ಎರಡು ತುದಿಗಳಲ್ಲೂ 9 ಪಿನ್ ಇದ್ದರೆ 2 ಮತ್ತು 3 ಅದಲುಬದಲಾಗಬೇಕು. ಒಂದು ತುದಿ 9, ಇನ್ನೊಂದು 25 ಆದರೆ 2ಕ್ಕೆ 2, 3ಕ್ಕೆ 3 ಸೇರಿದಾಗಲೇ ಜೋಡಣೆ ಸರಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೇಬಲ್ ಕೊಳ್ಳುವವರು ಬರೀ ‘ಸೀರಿಯಲ್ ಕೇಬಲ್’ ಎನ್ನದೆ ‘ನಲ್ ಮೋಡೆಮ್’ ಎಂದೇ ಕೇಳಿ, ಸಾಧ್ಯವಾದರೆ ಮಲ್ಟಿಮೀಟರಿನ ಬೀಪ್ ಸದ್ದಿನಿಂದ ಒಂದೊಂದು ಪಿನ್ನನ್ನೂ ಪರೀಕ್ಷಿಸುವುದು ಒಳ್ಳೆಯದು. ರಾಸ್ಪ್‌ಬೆರಿ ಪೈ ಎಂಬ ಚಿಕ್ಕ ಕಂಪ್ಯೂಟರ್ ಬಳಸುವವರು ಅದರ 3.3 ವೋಲ್ಟಿನ ಪಿನ್ನುಗಳಿಗೆ ಆರ್‌ಎಸ್-232 ತಂತಿಯನ್ನು ನೇರವಾಗಿ ಎಂದಿಗೂ ಜೋಡಿಸಬಾರದು. ನಡುವೆ ಮ್ಯಾಕ್ಸ್3232ರಂತಹ ವೋಲ್ಟೇಜ್ ಪರಿವರ್ತಕ ಇರಲೇಬೇಕು.

ಮದರ್‌ಬೋರ್ಡಿನ ಮೊದಲ ಪೋರ್ಟ್ ಸಾಮಾನ್ಯವಾಗಿ ಟಿಟಿವೈಎಸ್0 ಎಂದೂ, ಯುಎಸ್‌ಬಿ ಪರಿವರ್ತಕ ಹೆಚ್ಚಾಗಿ ಟಿಟಿವೈಯುಎಸ್‌ಬಿ0 ಎಂದೂ ಕಾಣಿಸುತ್ತದೆ. ಲಿನಕ್ಸ್ ಕರ್ನೆಲ್ಲಿನ ಸಂದೇಶಗಳನ್ನು ತೋರಿಸುವ ಡಿಮೆಸೇಜ್ (dmesg) ಆಜ್ಞೆಯಿಂದ ಇದನ್ನು ಖಚಿತಪಡಿಸಿಕೊಳ್ಳಬಹುದು. ಸಿಸ್ಟಮ್‌ಡಿ (ಸೇವೆಗಳನ್ನು ಚಾಲೂ ಮಾಡಿ ನೋಡಿಕೊಳ್ಳುವ ಪ್ರೋಗ್ರಾಮ್) ಇರುವ ಯಂತ್ರದಲ್ಲಿ ಆ ಪೋರ್ಟಿನ ಹೆಸರಿನೊಡನೆ ಸೀರಿಯಲ್-ಗೆಟ್ಟಿ ಸೇವೆಯನ್ನು ಚಾಲೂ ಮಾಡಿದರೆ, ಅದು ನಡೆಸುವ ಎಗೆಟ್ಟಿ ಎಂಬ ಪ್ರೋಗ್ರಾಮ್ ಟರ್ಮಿನಲ್ಲಿನಲ್ಲಿ ಲಾಗಿನ್ ಸಾಲನ್ನು ತೋರಿಸುತ್ತದೆ. ವೇಗ, ಡೇಟಾ ಬಿಟ್, ಪ್ಯಾರಿಟಿ (ದೋಷ ಪತ್ತೆಯ ಬಿಟ್) ಮತ್ತು ಸ್ಟಾಪ್ ಬಿಟ್ (ಅಕ್ಷರದ ಕೊನೆಯ ಗುರುತು) ಎರಡೂ ಕಡೆ ಒಂದೇ ಆಗಿರಬೇಕು. ಲಾಗಿನ್ ಬದಲು ಅರ್ಥವಿಲ್ಲದ ಚಿಹ್ನೆಗಳು ಬಂದರೆ ಮೊದಲು ವೇಗವನ್ನೇ ಶಂಕಿಸಬೇಕು.

9600 ಬಾಡ್ (ಇಲ್ಲಿ ಸೆಕೆಂಡಿಗೆ 9600 ಬಿಟ್), 8 ಡೇಟಾ ಬಿಟ್, ಪ್ಯಾರಿಟಿ ಇಲ್ಲ, 1 ಸ್ಟಾಪ್ ಬಿಟ್ ಎಂದಿಟ್ಟರೆ, ಸ್ಟಾರ್ಟ್ ಬಿಟ್ಟೂ ಸೇರಿ ಪ್ರತಿ ಅಕ್ಷರಕ್ಕೆ 10 ಬಿಟ್ ಬೇಕಾಗುವುದರಿಂದ, ಸೆಕೆಂಡಿಗೆ 960 ಅಕ್ಷರಗಳು ಸಾಗುತ್ತವೆ. 80 ಅಕ್ಷರಗಳ 24 ಸಾಲು, ಅಂದರೆ 1920 ಅಕ್ಷರಗಳ ಪರದೆ ತುಂಬಲು 2 ಸೆಕೆಂಡ್ ಹಿಡಿಯುವುದು ಸಹಜ. ಅದನ್ನು ದೋಷವೆಂದು ತಿಳಿಯಬಾರದು.

ಪರದೆಯ ಅಳತೆಯನ್ನು ಸೀರಿಯಲ್ ತಂತಿ ತಾನಾಗಿ ತಿಳಿಸುವುದಿಲ್ಲ. ಎಡಿಟರ್ ತೆರೆದಾಗ ಸಾಲುಗಳು ಚೆಲ್ಲಾಪಿಲ್ಲಿಯಾದರೆ ಎಸ್‌ಟಿಟಿವೈ ಆಜ್ಞೆಯಿಂದ 24 ಸಾಲು, 80 ಕಾಲಮ್ ಎಂದು ಹೇಳಿ, ಪ್ರೋಗ್ರಾಮುಗಳು ನೋಡಿಕೊಳ್ಳುವ ಟರ್ಮ್ (TERM) ಎಂಬ ಪರಿಸರ ಚರಕ್ಕೆ ವಿಟಿ100 ಎಂಬ ಮೌಲ್ಯ ಕೊಡಬೇಕು. ಮೂರೇ ತಂತಿಗಳ ಕೇಬಲ್ಲಿನಲ್ಲಿ ಹರಿವಿನ ನಿಯಂತ್ರಣ (ಕಳುಹಿಸುವುದನ್ನು ನಿಲ್ಲಿಸಿ ಮತ್ತೆ ಮುಂದುವರಿಸುವುದು) ಎಕ್ಸ್ಆನ್–ಎಕ್ಸ್ಆಫ್ ಸಂಕೇತಗಳಿಂದಲೇ ನಡೆಯುವುದರಿಂದ, ಪರದೆ ಇದ್ದಕ್ಕಿದ್ದಂತೆ ನಿಂತುಹೋದರೆ ಎಕ್ಸ್ಆಫ್ ಕಳುಹಿಸುವ ಕಂಟ್ರೋಲ್-ಎಸ್ ಒತ್ತಿಹೋಗಿರುವ ಸಾಧ್ಯತೆ ಹೆಚ್ಚು. ಎಕ್ಸ್ಆನ್ ಕಳುಹಿಸುವ ಕಂಟ್ರೋಲ್-ಕ್ಯೂ ಒತ್ತಿದರೆ ಅದು ಮುಂದುವರಿಯುತ್ತದೆ.