ನದಿಯಿಲ್ಲದ ಜಿಲ್ಲೆಯಲ್ಲಿ ಮಾಲಿನ್ಯದ ವರದಿ: ಫೆಲೋಶಿಪ್ ಎಲ್ಲಿಂದ ಬಂತು, ಯಾತಕ್ಕೆ ಬೇಕು

1980ರ ದಶಕದಲ್ಲಿ ಹರಿಹರದ ಬಳಿ ತುಂಗಭದ್ರೆ ಕೆಟ್ಟಾಗ ತೋರಿಸುವುದಕ್ಕೆ ಸತ್ತ ಮೀನುಗಳಿದ್ದವು. ಒಂದು ಫೋಟೊ ಸಾಕಿತ್ತು. ಕೋಲಾರದ ವರದಿಗಾರನಿಗೆ ಆ ಅನುಕೂಲ ಇಲ್ಲ. ವರ್ಷವಿಡೀ ಹರಿಯುವ ನದಿ ಈ ಜಿಲ್ಲೆಯಲ್ಲಿಲ್ಲ. ಕಾರ್ಖಾನೆ ಬಿಟ್ಟ ನೀರು ರಾಜಕಾಲುವೆ ಹಿಡಿದು ಕೆರೆ ಸೇರುತ್ತದೆ, ಕೆರೆ ಒಣಗಿದ್ದರೆ ದಾರಿಯಲ್ಲೇ ಇಂಗುತ್ತದೆ. ಮತ್ತೆ ಮೇಲೆ ಬಂದರೆ ಅದು ಬರುವುದು ಬೋರ್‌ವೆಲ್‌ನಲ್ಲಿ, ಎಷ್ಟೋ ಕಾಲದ ನಂತರ, ಬಣ್ಣ ವಾಸನೆ ಒಂದೂ ಇಲ್ಲದೆ. ಆದ್ದರಿಂದ ಇಲ್ಲಿ ಮಾಲಿನ್ಯದ ವರದಿ ಎಂದರೆ ಲ್ಯಾಬ್ ರಿಪೋರ್ಟು, ಸರ್ಕಾರಿ ಕಡತ ಮತ್ತು ಕಾಯುವುದು. ಮೂರಕ್ಕೂ ದುಡ್ಡು ಬೇಕು. ಸುದ್ದಿಗೆ ಇಷ್ಟು ಎಂದು ಸಂಭಾವನೆ ಪಡೆಯುವ ತಾಲ್ಲೂಕು ವರದಿಗಾರನ ಕೈಯಲ್ಲಿ ಅದಿರುವುದಿಲ್ಲ.

ಈ ಕೊರತೆ ತುಂಬುವ ಏರ್ಪಾಡೇ ಫೆಲೋಶಿಪ್, ಅಂದರೆ ಪತ್ರಕರ್ತರಿಗೆ ಹೊರಗಿನ ಸಂಸ್ಥೆ ಕೊಡುವ ನೆರವಿನ ಹಣ. ಅಮೆರಿಕದಲ್ಲಿ ಅದು ಎರಡು ರೂಪದಲ್ಲಿ ಬೆಳೆಯಿತು. 1938ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯ ಆರಂಭಿಸಿದ ನೀಮನ್ ಫೆಲೋಶಿಪ್ ಪತ್ರಕರ್ತರನ್ನು ಮತ್ತೆ ಓದಲು ಕೂರಿಸುವಂಥದ್ದು. ಇನ್ನೊಂದು, ನಿರ್ದಿಷ್ಟ ವರದಿಯ ಖರ್ಚು ಭರಿಸುವಂಥದ್ದು. 1969ರಲ್ಲಿ ಹುಟ್ಟಿದ ತನಿಖಾ ಪತ್ರಿಕೋದ್ಯಮ ನಿಧಿಯೊಂದು ಪತ್ರಕರ್ತ ಸೀಮರ್ ಹರ್ಷ್ ಅವರಿಗೆ ಮೊದಲು ಕೊಟ್ಟಿದ್ದು ಬರೀ 250 ಡಾಲರ್. ಅಮೆರಿಕದ ಸೈನಿಕರು ವಿಯೆಟ್ನಾಂನಲ್ಲಿ ನಡೆಸಿದ ಮೈ ಲಾಯ್ ಹತ್ಯಾಕಾಂಡದ ವರದಿ ಹೊರಬಂದಿದ್ದು ಅಂಥ ಪುಡಿಗಾಸಿನ ಬಲದಿಂದ. ಮಾಲಿನ್ಯದ ವರದಿಗೆ ಬೇಕಾದದ್ದು ಈ ಎರಡನೇ ಬಗೆಯದು.

ನಮ್ಮಲ್ಲಿ ಈ ಕಥೆ ಭೋಪಾಲದಿಂದ ಶುರುವಾಗಬೇಕು, ಅಲ್ಲಿ ಫೆಲೋಶಿಪ್ ಇರಲಿಲ್ಲ ಎಂಬ ಕಾರಣಕ್ಕೇ. ಅಲ್ಲಿಯ ಪತ್ರಕರ್ತ ರಾಜಕುಮಾರ್ ಕೇಸ್ವಾನಿ ತಮ್ಮದೇ ಸಣ್ಣ ವಾರಪತ್ರಿಕೆಯಲ್ಲಿ 1982ರಲ್ಲೇ ಯೂನಿಯನ್ ಕಾರ್ಬೈಡ್ ಕಾರ್ಖಾನೆಯ ಅಪಾಯ ಬರೆದರು. 1984ರ ಜೂನ್‌ನಲ್ಲಿ ದೆಹಲಿಯ ಹಿಂದಿ ದಿನಪತ್ರಿಕೆಯಲ್ಲಿ ಮತ್ತೆ ಬರೆದರು. ಡಿಸೆಂಬರ್‌ನಲ್ಲಿ ಅನಿಲ ಸೋರಿತು. ಅವರನ್ನು ಕೇಳಿಸಿಕೊಂಡವರಿರಲಿಲ್ಲ, ಅದು ನಿಜ. ಆದರೆ ಅಂಥ ವರದಿಯ ಬೆನ್ನಿಗೆ ಹಣ, ವಕೀಲರು, ತಜ್ಞರು ನಿಲ್ಲುವ ವ್ಯವಸ್ಥೆಯೂ ಇರಲಿಲ್ಲ. 1980ರಲ್ಲಿ ಅನಿಲ್ ಅಗರ್ವಾಲ್ ಕಟ್ಟಿದ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಮುಂದೆ ಪತ್ರಕರ್ತರಿಗೆ ಫೆಲೋಶಿಪ್ ಕೊಡತೊಡಗಿತು. 1990ರ ದಶಕದಲ್ಲಿ ನ್ಯಾಷನಲ್ ಫೌಂಡೇಶನ್ ಫಾರ್ ಇಂಡಿಯಾ ಆ ದಾರಿ ಹಿಡಿಯಿತು. 2004ರಲ್ಲಿ ಶುರುವಾದ ಅರ್ಥ್ ಜರ್ನಲಿಸಂ ನೆಟ್‌ವರ್ಕ್ ಪರಿಸರ ವರದಿಗೆಂದೇ ಹಣ ಕೊಡುವ ಅಂತರರಾಷ್ಟ್ರೀಯ ಜಾಲ.

ಇನ್ನು ಕೋಲಾರ. ಇಲ್ಲಿಯ ಮಾಲಿನ್ಯಕ್ಕೆ ಮೂರು ಪದರ. ಹಳೆಯದು ಕೆಜಿಎಫ್. ಚಿನ್ನದ ಗಣಿ ಮುಚ್ಚಿದ್ದು 2001ರ ಫೆಬ್ರುವರಿ 28ರಂದು, ಅದಿರು ಅರೆದು ಉಳಿದ ಮಣ್ಣಿನ ಗುಡ್ಡಗಳು ಅಲ್ಲೇ ಇವೆ. ಊರಿನವರ ಬಾಯಲ್ಲಿ ಅವು ಸೈನೈಡ್ ದಿಬ್ಬಗಳು. ಗಾಳಿಯ ಕಾಲದಲ್ಲಿ ಬಿಳಿ ದೂಳು ಏಳುತ್ತದೆ, ಪತ್ರಿಕೆಯಲ್ಲಿ ‘ವಿಷಗಾಳಿ’ ಎಂದು ಸುದ್ದಿ ಬರುತ್ತದೆ. ಹೆಸರು ಇಲ್ಲಿ ದಾರಿ ತಪ್ಪಿಸುತ್ತದೆ. ಸೈನೈಡ್ ಬಿಸಿಲು ಗಾಳಿಗೆ ಒಡೆದು ಕ್ಷೀಣಿಸುವ ವಸ್ತು. ಶ್ವಾಸಕೋಶಕ್ಕೆ ಹೋಗುವ ನುಣ್ಣನೆಯ ಸಿಲಿಕಾ ದೂಳನ್ನು ಅಳೆಯದೆ ಸೈನೈಡ್ ಎಂದಷ್ಟೇ ಬರೆದರೆ ನಿಜವಾದ ಪ್ರಶ್ನೆ ಕೈತಪ್ಪುತ್ತದೆ.

ಎರಡನೆಯದು ಮಾಲೂರು, ನರಸಾಪುರ, ವೇಮಗಲ್‌ನ ಕೈಗಾರಿಕಾ ಪ್ರದೇಶಗಳು. ಮೂರನೆಯದು ಬೆಂಗಳೂರಿನಿಂದ ಕೊಳವೆಯಲ್ಲಿ ಬಂದದ್ದು: ಅಲ್ಲಿಯ ಕೊಳಚೆ ನೀರನ್ನು ಶುದ್ಧೀಕರಿಸಿ ಕೋಲಾರದ ಕೆರೆ ತುಂಬಿಸುವ, ದಿನಕ್ಕೆ 44 ಕೋಟಿ ಲೀಟರ್ ಸಾಮರ್ಥ್ಯದ ಕೆ.ಸಿ. ವ್ಯಾಲಿ ಯೋಜನೆ. ಎರಡನೇ ಹಂತದವರೆಗೆ ಶುದ್ಧೀಕರಿಸಿದ ನೀರು 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಬಂತು. ಮರುತಿಂಗಳೇ ನೊರೆ ಕಂಡಿತು, ಹೈಕೋರ್ಟ್ ತಡೆ ಕೊಟ್ಟಿತು. ಅದು ತೆರವಾದ ಮೇಲೆ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಬಂದು ಏಪ್ರಿಲ್‌ನಲ್ಲಿ ಅದೂ ತೆರವಾಯಿತು. ನೊರೆ ಇದ್ದಷ್ಟು ದಿನ ಫೋಟೊ ಇತ್ತು, ಫೋಟೊ ಇದ್ದಷ್ಟು ದಿನ ಮುಖಪುಟ. ಎರಡನೇ ಹಂತದ ಶುದ್ಧೀಕರಣ ಇರುವುದು ಕೊಳೆಯುವ ಪದಾರ್ಥ ತಗ್ಗಿಸಲು, ಲೋಹ ತೆಗೆಯಲೆಂದು ಕಟ್ಟಿದ್ದಲ್ಲ. ಕೆರೆಯ ಹೂಳಿನಲ್ಲಿ, ಸುತ್ತಲಿನ ಬೋರ್‌ವೆಲ್‌ಗಳಲ್ಲಿ ವರ್ಷಗಟ್ಟಲೆ ಏನಾಗುತ್ತಿದೆ ಎಂದು ಹಿಂಬಾಲಿಸುವುದು ದಿನಪತ್ರಿಕೆಯ ಲಯಕ್ಕೆ ಒಗ್ಗದ ಕೆಲಸ. ಫೆಲೋಶಿಪ್ ಕೇಳಬೇಕಾದದ್ದು ಅದಕ್ಕೆ.

ಕೇಳುವ ಮೊದಲು ಲೆಕ್ಕ ಗೊತ್ತಿರಬೇಕು. ಒಂದು ಕೈಗಾರಿಕಾ ಪ್ರದೇಶದ ಅಂತರ್ಜಲದ ಬಗ್ಗೆ ಏನಾದರೂ ಹೇಳಬೇಕಾದರೆ ಕನಿಷ್ಠ ಮೂರು ಬೋರ್‌ವೆಲ್: ಇಳಿಜಾರಿನ ಮೇಲಿನದೊಂದು, ಕಾಂಪೌಂಡಿನ ಪಕ್ಕದ್ದೊಂದು, ಕೆಳಗಿನದೊಂದು. ಮೇಲಿನದನ್ನು ಬಿಟ್ಟರೆ ಉಳಿದೆರಡಕ್ಕೆ ಅರ್ಥವಿಲ್ಲ, ಯಾಕೆಂದರೆ ಕೋಲಾರದ ಬಂಡೆಯಲ್ಲೇ ಫ್ಲೋರೈಡ್ ಇದೆ, ನೈಟ್ರೇಟ್ ಗೊಬ್ಬರದಿಂದಲೂ ಮೋರಿಯಿಂದಲೂ ಬರುತ್ತದೆ. ಫ್ಲೋರೈಡ್ ಲೀಟರಿಗೆ 1.5 ಮಿ.ಗ್ರಾಂ ದಾಟಿದೆ ಎಂದು ಕಾರ್ಖಾನೆಯ ಮೇಲೆ ಹಾಕಿದ ವರದಿಯನ್ನು ಕಂಪನಿಯ ವಕೀಲರು ಒಂದೇ ಪ್ಯಾರಾದಲ್ಲಿ ಹರಿದುಹಾಕುತ್ತಾರೆ. ಮೂರರ ಜೊತೆಗೆ ಲ್ಯಾಬಿನ ಅಂಕಿಯನ್ನು ಪರೀಕ್ಷಿಸಲು ಎರಡು ಬಾಟಲಿ: ಮೂರರಲ್ಲೊಂದು ಬೋರ್‌ವೆಲ್‌ನದೇ ಇನ್ನೊಂದು ಮಾದರಿ, ಶುದ್ಧ ನೀರಿನದೊಂದು. ಐದಾಯಿತು. ಬೇಸಿಗೆಗೊಮ್ಮೆ, ಸೆಪ್ಟೆಂಬರ್–ಅಕ್ಟೋಬರ್ ಮಳೆ ಮುಗಿದ ಮೇಲೊಮ್ಮೆ, ಒಟ್ಟು ಹತ್ತು. ಲೋಹಗಳನ್ನೂ ಸೇರಿಸಿ ಪರೀಕ್ಷೆ ಮಾಡಿಸಿದರೆ ಮಾದರಿಯೊಂದಕ್ಕೆ ಸಾವಿರಗಳಲ್ಲೇ ಖರ್ಚು. ಅರ್ಜಿಯ ಬಜೆಟ್‌ನಲ್ಲಿ ಪ್ರಯಾಣಕ್ಕಿಂತ ಲ್ಯಾಬಿನ ಬಾಬ್ತು ದೊಡ್ಡದಾಗಿ ಕಾಣದಿದ್ದರೆ ಆ ಯೋಜನೆಯಲ್ಲಿ ಏನೋ ತಪ್ಪಿದೆ.

ಮಾದರಿ ಕೆಡುವುದು ಹೆಚ್ಚಾಗಿ ಮೊದಲ ಹತ್ತು ನಿಮಿಷದಲ್ಲಿ. ಮೋಟರ್ ಹಾಕಿದ ತಕ್ಷಣ ಬರುವುದು ಪೈಪಿನಲ್ಲಿ ನಿಂತ ನೀರು. ಹತ್ತು–ಹದಿನೈದು ನಿಮಿಷ ಓಡಿಸಿ, ಕೈಯಲ್ಲಿ ಹಿಡಿಯುವ ಮೀಟರಿನಲ್ಲಿ ವಿದ್ಯುತ್ ವಾಹಕತೆಯ ಅಂಕಿ ಸ್ಥಿರವಾದ ಮೇಲೆ ಹಿಡಿಯಬೇಕು. ತೊಟ್ಟಿಯಿಂದ, ಓವರ್‌ಹೆಡ್ ಟ್ಯಾಂಕಿನ ನಲ್ಲಿಯಿಂದ ಹಿಡಿದದ್ದು ಲೆಕ್ಕಕ್ಕಿಲ್ಲ. ಪಂಪ್‌ಸೆಟ್‌ಗೆ ತ್ರೀಫೇಸ್ ಕರೆಂಟು ರಾತ್ರಿ ಪಾಳಿಯಲ್ಲಿದ್ದರೆ ಹೊಲಕ್ಕೆ ರಾತ್ರಿಯೇ ಹೋಗಬೇಕು. ಲೋಹಕ್ಕೆ ಪ್ಲಾಸ್ಟಿಕ್ ಬಾಟಲಿ, ಅದಕ್ಕೆ ಲ್ಯಾಬಿನವರೇ ಕೊಡುವ ನೈಟ್ರಿಕ್ ಆಮ್ಲ ಹಾಕಿ ಪಿಎಚ್ ಅನ್ನು 2ಕ್ಕಿಂತ ಕೆಳಗಿಳಿಸಬೇಕು, ಇಲ್ಲವಾದರೆ ಲೋಹ ಬಾಟಲಿಯ ಗೋಡೆಗೆ ಅಂಟಿ ಅಂಕಿ ಕಡಿಮೆ ಬರುತ್ತದೆ. ಎಣ್ಣೆ–ಜಿಡ್ಡಿಗೆ ಗಾಜಿನದು. ಕೂಲ್‌ಡ್ರಿಂಕ್ ಬಾಟಲಿ ಬೇಡವೇ ಬೇಡ. ಕೆರೆ ಅಥವಾ ಕಾಲುವೆಯ ನೀರಿನ ಬಿಒಡಿ (ಕೊಳೆಯುವ ಪದಾರ್ಥ ಎಷ್ಟು ಆಮ್ಲಜನಕ ಎಳೆಯುತ್ತದೆ ಎಂಬ ಅಳತೆ) ನೋಡುವುದಾದರೆ ಐಸ್ ಪೆಟ್ಟಿಗೆಯಲ್ಲಿಟ್ಟು ಅದೇ ದಿನ ಬೆಂಗಳೂರು ಮುಟ್ಟಿಸಬೇಕು.

ಲ್ಯಾಬ್ ಆರಿಸುವಾಗ, ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ ಎನ್ಎಬಿಎಲ್‌ನ ಮಾನ್ಯತೆ ಇದೆಯೇ ಎಂದಷ್ಟೇ ಕೇಳಿದರೆ ಸಾಲದು, ನಿಮಗೆ ಬೇಕಾದ ಆ ಲೋಹ ಮಾನ್ಯತೆಯ ಪಟ್ಟಿಯಲ್ಲಿದೆಯೇ ಎಂದು ನೋಡಬೇಕು. ಎಡವುವ ಜಾಗ ಇನ್ನೊಂದಿದೆ. ಕುಡಿಯುವ ನೀರಿನಲ್ಲಿ ಒಟ್ಟು ಕ್ರೋಮಿಯಂ ಮಿತಿ ಲೀಟರಿಗೆ 0.05 ಮಿ.ಗ್ರಾಂ. ಲ್ಯಾಬಿನ ಉಪಕರಣಕ್ಕೆ 0.1ಕ್ಕಿಂತ ಕೆಳಗೆ ಕಾಣದಿದ್ದರೆ ‘ಪತ್ತೆಯಾಗಿಲ್ಲ’ ಎಂದು ಬರೆದುಕೊಡುತ್ತಾರೆ. ಆ ಕಾಗದ ನೀರು ಚೆನ್ನಾಗಿದೆ ಎಂದೂ ಹೇಳುವುದಿಲ್ಲ, ಕೆಟ್ಟಿದೆ ಎಂದೂ ಹೇಳುವುದಿಲ್ಲ. ದುಡ್ಡು ಮಾತ್ರ ಹೋಗಿರುತ್ತದೆ.

ಕಡತದ ಕೆಲಸ ಇದಕ್ಕಿಂತ ಅಗ್ಗ, ಆದರೆ ನಿಧಾನ. 1974ರ ಜಲ ಕಾಯ್ದೆಯ 25ನೇ ಕಲಂ ಪ್ರಕಾರ, ಕಾರ್ಖಾನೆಗೆ ತಾನು ಕೊಡುವ ಸಮ್ಮತಿ ಪತ್ರದ ಷರತ್ತುಗಳ ರಿಜಿಸ್ಟರನ್ನು ಮಾಲಿನ್ಯ ನಿಯಂತ್ರಣ ಮಂಡಳಿ ಸಂಬಂಧಪಟ್ಟವರ ಪರಿಶೀಲನೆಗೆ ತೆರೆದಿಡಬೇಕು. ಈ ಕಲಂ ನೆನಪಿಸಿ ಕೇಳುವವರೇ ಕಡಿಮೆ. ಕಾರ್ಖಾನೆಗೆ ದಿನಕ್ಕೆಷ್ಟು ಕಿಲೋಲೀಟರ್ ನೀರು, ಎಷ್ಟು ತ್ಯಾಜ್ಯ ನೀರು, ಅದು ಎಲ್ಲಿಗೆ ಹೋಗಬೇಕು ಎಂಬುದೆಲ್ಲ ಆ ಷರತ್ತಿನಲ್ಲಿರುತ್ತದೆ. ಅದರ ಪಕ್ಕ ಪ್ರತಿ ಸೆಪ್ಟೆಂಬರ್ 30ರೊಳಗೆ ಕಂಪನಿ ಸಲ್ಲಿಸಬೇಕಾದ ನಮೂನೆ 5ರ ಪರಿಸರ ವರದಿ ಇಟ್ಟು ಓದಿ. ಒಳಗೆ ಬಂದ ನೀರು, ಉತ್ಪಾದನೆ, ಹೊರಗೆ ಹೋದದ್ದು ಒಂದಕ್ಕೊಂದು ತಾಳೆಯಾಗದಿದ್ದರೆ ವರದಿಯ ಮೊದಲ ಪ್ಯಾರಾ ಅಲ್ಲೇ ಸಿಕ್ಕಿತು. ಉತ್ಪಾದನೆ ಏರಿದ ತಿಂಗಳಲ್ಲೇ ಶುದ್ಧೀಕರಣ ಘಟಕದ ಕರೆಂಟಿನ ಯೂನಿಟ್ ಇಳಿದಿದ್ದರೆ ಎರಡನೇ ಪ್ಯಾರಾ.

ಮಾಹಿತಿ ಹಕ್ಕಿನಲ್ಲಿ ಉತ್ತರಕ್ಕೆ 30 ದಿನ, ಮೊದಲ ಮೇಲ್ಮನವಿಗೆ 30, ಹೆಚ್ಚೆಂದರೆ 45 ದಿನ. ಆಯೋಗಕ್ಕೆ ಹೋದರೆ ಗಡುವೇ ಇಲ್ಲ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಆರು ತಿಂಗಳ ಫೆಲೋಶಿಪ್ ಸಿಕ್ಕ ಮೇಲೆ ಅರ್ಜಿ ಹಾಕಿದರೆ ಅರ್ಧ ಅವಧಿ ಕಾಯುವುದರಲ್ಲೇ ಕಳೆಯುತ್ತದೆ. ಹತ್ತು ರೂಪಾಯಿಯ ಅರ್ಜಿಗಳನ್ನು ಫೆಲೋಶಿಪ್‌ಗೆ ಅರ್ಜಿ ಬರೆಯುವಾಗಲೇ ಹಾಕಬೇಕು. ಕೈಯಲ್ಲಿ ಕಡತ ಹಿಡಿದು ಬಂದವರನ್ನು ಆಯ್ಕೆ ಸಮಿತಿಯೂ ಬೇರೆಯೇ ಕಣ್ಣಿನಿಂದ ನೋಡುತ್ತದೆ.

ಹಣ ಎಲ್ಲಿಂದ ಬರುತ್ತದೆ ಎಂಬುದನ್ನೂ ಓದಿಕೊಳ್ಳಬೇಕು. 2010ರ ವಿದೇಶಿ ವಂತಿಗೆ ಕಾಯ್ದೆಯ 3ನೇ ಕಲಂ ನೋಂದಾಯಿತ ಪತ್ರಿಕೆಯ ವರದಿಗಾರ, ಅಂಕಣಕಾರ, ಸಂಪಾದಕರು ವಿದೇಶಿ ವಂತಿಗೆ ಪಡೆಯುವುದನ್ನು ನಿಷೇಧಿಸುತ್ತದೆ. 4ನೇ ಕಲಂ ವಿದ್ಯಾರ್ಥಿವೇತನ, ಸ್ಟೈಪೆಂಡ್ ಮತ್ತು ದೈನಂದಿನ ವ್ಯವಹಾರದ ಸಂಭಾವನೆಯನ್ನು ಹೊರಗಿಡುತ್ತದೆ. ಒಪ್ಪಂದದಲ್ಲಿ ಆ ಮೊತ್ತವನ್ನು ಏನೆಂದು ಕರೆದಿದ್ದಾರೆ ಎಂಬ ಒಂದು ಪದ ಮುಂದೆ ತಲೆನೋವಾಗಬಹುದು. ಸಹಿಗೆ ಮುಂಚೆ ಲೆಕ್ಕಪರಿಶೋಧಕರಿಗೆ ತೋರಿಸಿ. ಕಂತಿನಲ್ಲಿ ಹಣ ಬರುವುದಾದರೆ ಮೊದಲ ಕಂತು ಬೇಸಿಗೆಯ ಮಾದರಿಗಳ ಖರ್ಚಿಗಾದರೂ ಸಾಕಾಗಬೇಕು. ಮಾನನಷ್ಟ ಮೊಕದ್ದಮೆ ಬಂದರೆ ವಕೀಲರ ಶುಲ್ಕ ಯಾರದ್ದು ಎಂಬುದು ಬರಹದಲ್ಲಿರಬೇಕು. ಪತ್ರಿಕೆಯದೋ, ಫೆಲೋಶಿಪ್ ಕೊಟ್ಟವರದೋ ಎಂದು ಸ್ಪಷ್ಟವಿಲ್ಲದಿದ್ದರೆ ಅದು ವರದಿಗಾರನದೇ.

ಅಚ್ಚಿಗೆ ಹೋಗುವ ಮುಂಚೆ ಎರಡು ಕಡೆ ಹೋಗಬೇಕು. ಕಂಪನಿಗೆ ಅಂಕಿಗಳ ಸಮೇತ ಲಿಖಿತ ಪ್ರಶ್ನೆ, ಉತ್ತರಕ್ಕೆ ಒಂದು ವಾರ. ಬೋರ್‌ವೆಲ್ ಯಾರದೋ ಅವರ ಮನೆಗೆ ಲ್ಯಾಬ್ ರಿಪೋರ್ಟಿನ ಪ್ರತಿ, ಕನ್ನಡದಲ್ಲಿ ಬಿಡಿಸಿ ಹೇಳಿ. ವರದಿಗಾರ ಹಿಡಿದ ನೀರು ನ್ಯಾಯಾಲಯದಲ್ಲಿ ಸಾಕ್ಷಿಯಾಗಿ ನಿಲ್ಲುವುದು ಕಷ್ಟ. ಕಾರ್ಖಾನೆಯ ತ್ಯಾಜ್ಯ ನೀರಿಗೆ ಜಲ ಕಾಯ್ದೆಯ 21ನೇ ಕಲಂ ಕೇಳುವುದು ಬೇರೆಯೇ ಕ್ರಮ: ಕಾರ್ಖಾನೆಯವರಿಗೆ ನೋಟಿಸ್, ಅವರೆದುರು ಎರಡು ಪಾಲು, ಮೊಹರು, ಎರಡೂ ಕಡೆಯ ಸಹಿ. ಸುದ್ದಿ ಬಂದ ಮೇಲೆ ಮಂಡಳಿಯ ಸಿಬ್ಬಂದಿ ಬರುತ್ತಾರೆ. ಅವರು ಬೋರ್‌ವೆಲ್ ನೀರನ್ನೂ ಹಿಡಿದರೆ, ಮೋಟರ್ ಎಷ್ಟು ಹೊತ್ತು ಓಡಿಸಿದರು, ಯಾವ ಬಾಟಲಿ ತಂದಿದ್ದರು ಎಂದು ಆ ಮನೆಯವರೇ ಗಡಿಯಾರ ನೋಡಿ ಬರೆದಿಟ್ಟುಕೊಳ್ಳಲಿ, ಫೆಲೋಶಿಪ್‌ನ ಅವಧಿ ಅಷ್ಟರಲ್ಲಿ ಮುಗಿದಿರುತ್ತದೆ.